ಪೆವಿಲಿಯನ್‌ಗೆ ಐದು ಸ್ಟಾರ್, ಕ್ರೀಡಾ ವಿಭಾಗಕ್ಕೆ ಎರಡೇ

ಪಿಯುಸಿ ರಿಸಲ್ಟ್ ಬಂದಿದೆ, ಡಿಗ್ರಿ ಅಡ್ಮಿಷನ್ ಜೋರಾಗಿ ನಡೆದಿದೆ. ಆಟ ಆಡುವ ಮಕ್ಕಳನ್ನು ಬಳ್ಳಾರಿಯಲ್ಲಿ ಯಾವ ಕಾಲೇಜಿಗೆ ಹಾಕಿದರೆ ಒಳ್ಳೇದು ಅಂತ ಪರಿಚಯದವರು ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವ ಬದಲು, ನನಗೆ ಚೆನ್ನಾಗಿ ಗೊತ್ತಿರುವ ಒಂದು ಖಾಸಗಿ ಕಾಲೇಜಿನ ಕ್ರೀಡಾ ವಿಭಾಗದ ಬಗ್ಗೆ ಇಲ್ಲೇ ಬರೆದುಬಿಡುತ್ತೇನೆ. ನನ್ನ ಮಗಳು ಅಲ್ಲಿ ಖೋ ಖೋ ಟೀಮಿನಲ್ಲಿದ್ದಾಳೆ. ನಾನು ಬೆಳಗಿನ ಹೊತ್ತು ಅಲ್ಲಿನ ಜಿಮ್‌ಗೆ, ಶಟಲ್ ಕೋರ್ಟಿಗೆ ತಿಂಗಳ ಪಾಸ್ ಮಾಡಿಸಿಕೊಂಡು ಹೋಗುತ್ತೇನೆ. ಕಾಲೇಜಿನ ಹೆಸರು ಹಾಕುವುದಿಲ್ಲ. ಮಗಳು ಇನ್ನೂ ಅಲ್ಲೇ ಓದುತ್ತಿದ್ದಾಳೆ ಅನ್ನುವುದು ಒಂದು ಕಾರಣ. ಇದು ಅದೊಂದೇ ಕಾಲೇಜಿನ ಸಮಸ್ಯೆ ಅಲ್ಲ ಅನ್ನುವುದು ಇನ್ನೊಂದು.

ಮೊದಲು ಚೆನ್ನಾಗಿರುವುದನ್ನು ಹೇಳುತ್ತೇನೆ. ಪೆವಿಲಿಯನ್ ನಿಜಕ್ಕೂ ಚೆಂದ ಇದೆ. ಗ್ರಾನೈಟ್ ಮೆಟ್ಟಿಲು, ನೆರಳಿಗೆ ದೊಡ್ಡ ಶೀಟು, ರಾತ್ರಿ ಆಡೋಕೆ ಫ್ಲಡ್‌ಲೈಟ್. ಶಟಲ್ ಕೋರ್ಟಿಗೆ ಮರದ ನೆಲ ಹಾಕಿಸಿದ್ದಾರೆ, ಕಾಲಿಗೆ ಹಿತ. ಒಳ್ಳೆ ಮರದ ನೆಲದ ಮೇಲೆ ಆಡಿ ಅಭ್ಯಾಸವಾದರೆ ಸಿಮೆಂಟ್ ನೆಲದ ಮೇಲೆ ಮಂಡಿ ನೋಯಿಸಿಕೊಂಡು ಆಡೋಕೆ ಮನಸ್ಸೇ ಬರೋದಿಲ್ಲ. ಜಿಮ್‌ನಲ್ಲಿ ಏಸಿ ಇದೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ನಮ್ಮೂರಿನಲ್ಲಿ ಇದು ಸಣ್ಣ ಮಾತಲ್ಲ. ಕೀ ಹಿಡಿದುಕೊಂಡಿರುವ ಹುಡುಗ ಟೈಮಿಗೆ ಸರಿಯಾಗಿ ಬಾಗಿಲು ತೆಗೆಯುತ್ತಾನೆ, ಮರ್ಯಾದೆಯಿಂದ ಮಾತಾಡುತ್ತಾನೆ. ನನ್ನಂಥ ಪಾಸ್ ಗಿರಾಕಿಗೆ ಇಷ್ಟು ಸಾಕು. ಐದಕ್ಕೆ ಐದು ಕೊಡುತ್ತೇನೆ, ಏನೂ ಸಂಕೋಚ ಇಲ್ಲ.

ಇದೆಲ್ಲ ಬಂದದ್ದು ಒಬ್ಬ ಧಣಿಗಳು ಕೊಟ್ಟ ದುಡ್ಡಿನಿಂದ. ಊರಿನ ದೊಡ್ಡ ವ್ಯವಹಾರಸ್ಥರು, ಮ್ಯಾನೇಜ್‌ಮೆಂಟಿಗೆ ಬೇಕಾದವರು. ಪೆವಿಲಿಯನ್ ಹಣೆಯ ಮೇಲೆ ಅವರ ತಂದೆಯವರ ಹೆಸರು, ಜಿಮ್ ಬಾಗಿಲಲ್ಲಿ ತಾಯಿಯವರ ಹೆಸರು, ಶಟಲ್ ಕೋರ್ಟಿನಲ್ಲಿ ಅವರದೇ ಫೋಟೋ. ಅದರಲ್ಲಿ ತಪ್ಪೇನಿಲ್ಲ. ಕೈಯಿಂದ ದುಡ್ಡು ಬಿಚ್ಚುವವರೇ ಕಡಿಮೆ ಇರುವ ಕಾಲದಲ್ಲಿ ಕೊಟ್ಟಿದ್ದಾರೆ, ಹೆಸರು ಹಾಕಿಸಿಕೊಳ್ಳಲಿ. ಆದರೆ ಈ ವಿಷಯ ಎತ್ತಿದರೆ ಸಾಕು, "ಉಂಡ ಮನೆ ಜಂತೆ ಎಣಿಸಬಾರದು" ಅಂತ ಬಾಯಿ ಮುಚ್ಚಿಸುತ್ತಾರೆ. ನಾನು ಜಂತೆ ಎಣಿಸುತ್ತಿಲ್ಲ. ಊಟ ಯಾರ ಎಲೆಗೆ ಬಡಿಸಿದರು ಅಂತ ಕೇಳುತ್ತಿದ್ದೇನೆ.

ಪೆವಿಲಿಯನ್ ಮೆಟ್ಟಿಲು ಇಳಿದು ಗ್ರೌಂಡಿಗೆ ಬನ್ನಿ. ಪೂರಾ ಎರೆ ಮಣ್ಣು. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲ ಬಿರುಕು ಬಿಡುತ್ತೆ, ಮಳೆ ಬಿದ್ದರೆ ಶೂ ಕಿತ್ತುಕೊಳ್ಳುವಷ್ಟು ಅಂಟುತ್ತೆ. ಗರಸು ಹಾಕಿಸಿ ರೋಲರ್ ಹೊಡೆಸಿದರೆ ಓಡೋಕೆ ಯೋಗ್ಯವಾಗುತ್ತೆ, ಅದೇನೂ ದೊಡ್ಡ ಖರ್ಚಲ್ಲ. ಒಂದು ಫ್ಲಡ್‌ಲೈಟ್ ಕಂಬದ ದುಡ್ಡಿನಲ್ಲಿ ಇಡೀ ಗ್ರೌಂಡಿಗೆ ಗರಸು ಬೀಳುತ್ತಿತ್ತು ಅಂತ ಅಲ್ಲಿನ ಪಿ.ಡಿ. ಸರ್ (ದೈಹಿಕ ಶಿಕ್ಷಣ ನಿರ್ದೇಶಕರು) ಅವರೇ ಹೇಳುತ್ತಾರೆ. ಆದರೆ ಗರಸಿನ ಮೇಲೆ ಹೆಸರು ಕೆತ್ತಿಸೋಕಾಗಲ್ಲ ಅಲ್ವಾ.

ಖೋ ಖೋ ಅಂಕಣದ ಕಂಬ ನೋಡಿದರೆ ನನಗೆ ಹೊಟ್ಟೆ ಉರಿಯುತ್ತೆ. ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಂಕಣದ ಎರಡೂ ತುದಿಗೆ ಒಂದೊಂದು ಕಂಬ ಇರುತ್ತೆ, ನೆಲದಿಂದ 120ರಿಂದ 125 ಸೆಂಟಿಮೀಟರ್ ಎತ್ತರ. ಅಟ್ಟಿಸಿಕೊಂಡು ಬರುವ ಆಟಗಾರ್ತಿ ಒಂದು ಕೈಯಲ್ಲಿ ಆ ಕಂಬ ಹಿಡಿದು, ಮೈಯನ್ನೆಲ್ಲ ಗಾಳಿಗೆ ಚಾಚಿ, ಇನ್ನೊಂದು ಕೈಯಿಂದ ಎದುರಾಳಿಯನ್ನು ಮುಟ್ಟುತ್ತಾಳೆ. ಪೋಲ್ ಡೈವ್ ಅನ್ನುತ್ತಾರೆ. ಆ ಕ್ಷಣ ಅವಳ ಪೂರ್ತಿ ಭಾರ ಒಂದು ಭುಜದ ಮೇಲಿರುತ್ತೆ. ಕಂಬ ಅಲ್ಲಾಡಬಾರದು. ಇಲ್ಲಿ ಒಂದು ಕಂಬದ ಬುಡ ಸಡಿಲವಾಗಿದೆ, ಮಕ್ಕಳೇ ಕಲ್ಲು ತುರುಕಿ ನಿಲ್ಲಿಸಿದ್ದಾರೆ. ಪ್ರಾಕ್ಟೀಸ್ ಶುರು ಮಾಡುವ ಮುಂಚೆ ಒಬ್ಬಳು ಹೋಗಿ ಆ ಕಲ್ಲುಗಳನ್ನು ಹಿಮ್ಮಡಿಯಿಂದ ಒದ್ದು ಒದ್ದು ಗಟ್ಟಿ ಮಾಡುತ್ತಾಳೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು ನಮ್ಮ ಗಂಡಸರೂ ಹೆಂಗಸರೂ ಎರಡೂ ಕಪ್ ಗೆದ್ದರು, ಗೆದ್ದ ಮಹಿಳಾ ತಂಡದಲ್ಲಿ ಕರ್ನಾಟಕದ ಬಿ. ಚೈತ್ರಾ ಇದ್ದರು. ಅದನ್ನು ನೋಡಿ ಈ ಹುಡುಗಿಯರು ಎಷ್ಟು ಕುಣಿದಾಡಿದರು ಅಂತ ನಾನು ಕಣ್ಣಾರೆ ನೋಡಿದ್ದೇನೆ. ಅವರಿಗೆ ಒಂದು ಗಟ್ಟಿ ಕಂಬ ಕೊಡೋಕೆ ನಮ್ಮಿಂದ ಆಗಲಿಲ್ಲ.

ಕಬಡ್ಡಿ ಮ್ಯಾಟ್ ಹಳೇದು, ಜೋಡಣೆ ಬಿಟ್ಟುಕೊಂಡಿದೆ. ಟೇಪ್ ಹಚ್ಚಿಕೊಂಡು ಆಡುತ್ತಾರೆ. ಹುಡುಗಿಯರು ಬಟ್ಟೆ ಬದಲಿಸುವ ಜಾಗ ಅಂದರೆ ಜಿಮ್ ಹಿಂದಿನ ಸ್ಟೋರ್ ರೂಮು. ಹೋದ ತಿಂಗಳವರೆಗೆ ಒಳಗಡೆ ಚಿಲಕ ಇರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಬೇಕಿತ್ತು. ಪಕ್ಕದಲ್ಲೇ ಏಸಿ ಜಿಮ್ ಇದೆ. ಅದು ಬೆಳಿಗ್ಗೆ ಪಾಸ್ ಇರುವ ನಮ್ಮಂಥವರಿಗೆ, ಸಂಜೆ ಧಣಿಗಳ ಕಡೆಯವರಿಗೆ. ಕಾಲೇಜಿನ ಆಟಗಾರರಿಗೆ ಮಧ್ಯಾಹ್ನ ಕ್ಲಾಸ್ ಇರುವ ಹೊತ್ತಿನಲ್ಲಿ ಟೈಮ್ ಕೊಟ್ಟಿದ್ದಾರೆ. ಇದು ಯಾವ ನ್ಯಾಯ ಹೇಳಿ.

ಟೂರ್ನಿಗೆ ಹೋಗುವಾಗ ಟಿಎ-ಡಿಎ ಸರಿಯಾಗಿ ಬರೋದಿಲ್ಲ. ಶಕ್ತಿ ಯೋಜನೆ ಇರುವುದರಿಂದ ಹುಡುಗಿಯರಿಗೆ ಹೊಸಪೇಟೆ, ಕೊಪ್ಪಳದ ಬಸ್ ಚಾರ್ಜ್ ಉಳಿಯುತ್ತೆ, ಹುಡುಗರು ಕೈಯಿಂದ ಹಾಕಿಕೊಳ್ಳುತ್ತಾರೆ. ಊಟಕ್ಕೆ ಮನೆಯಿಂದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸುತ್ತೇವೆ. ಕೂಲಿ ಮಾಡುವವರ ಮಕ್ಕಳೇ ಟೀಮಿನಲ್ಲಿ ಜಾಸ್ತಿ ಇದ್ದಾರೆ, ಪ್ರಾಕ್ಟೀಸ್ ಮುಗಿದ ಮೇಲೆ ಒಂದು ಲೋಟ ಹಾಲು, ಎರಡು ಮೊಟ್ಟೆ ಕೊಡಿ ಅಂತ ಪೋಷಕರು ಸೇರಿ ಅರ್ಜಿ ಕೊಟ್ಟೆವು. ಫಂಡ್ ಇಲ್ಲ ಅಂದರು. ಅದೇ ತಿಂಗಳು ಧಣಿಗಳ ಸನ್ಮಾನಕ್ಕೆ ಸ್ಟೇಜು, ಪೇಟ, ಶಾಲು, ಊರ ತುಂಬ ಫ್ಲೆಕ್ಸು.

ಇಲ್ಲಿಯವರೆಗೆ ಹೇಳಿದ್ದು ದುಡ್ಡು ಎಲ್ಲಿಗೆ ಹೋಯಿತು ಅಂತ. ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ದುಡ್ಡಿನ ಜೊತೆ ಮಾತೂ ಅವರದೇ ಆಗಿಬಿಟ್ಟಿದೆ. ಧಣಿಗಳಿಗೆ ಕ್ರಿಕೆಟ್ ಇಷ್ಟ. ಹಾಗಾಗಿ ಗ್ರೌಂಡ್ ಮಧ್ಯೆ ಪಿಚ್ ಬಂತು, ಖೋ ಖೋ ಅಂಕಣ ಕಾಂಪೌಂಡ್ ಗೋಡೆ ಪಕ್ಕಕ್ಕೆ ಸರಿಯಿತು. ಅವರ ತಂದೆಯವರ ನೆನಪಿನ ಟೂರ್ನಿ ಬಂದಾಗ ಉಳಿದ ಆಟಗಳ ಪ್ರಾಕ್ಟೀಸ್ ಬಂದ್. ಅವರ ಮನೆಯ ಮದುವೆಯ ರಿಸೆಪ್ಷನ್ ಇದೇ ಗ್ರೌಂಡಿನಲ್ಲಿ ಆಯಿತು. ಶಾಮಿಯಾನದವರು ಗೂಟ ಕಿತ್ತುಕೊಂಡು ಹೋದರು, ಗುಂಡಿ ಮುಚ್ಚಲಿಲ್ಲ, ಮೊಳೆ ಹೆಕ್ಕಲಿಲ್ಲ. ಬರಿಗಾಲಲ್ಲಿ ಓಡುವ ಒಂದು ಹುಡುಗಿಗೆ ಮೊಳೆ ನೆಟ್ಟು ಟಿಟಿ ಇಂಜೆಕ್ಷನ್ ಹಾಕಿಸಬೇಕಾಯಿತು, ಮುಂದಿನ ವಾರದ ಮ್ಯಾಚ್ ತಪ್ಪಿತು. ಯಾರೂ ಕೇಳಲಿಲ್ಲ, ಯಾರಿಗೂ ಕೇಳುವ ಧೈರ್ಯವೂ ಇರಲಿಲ್ಲ.

ಟೀಮ್ ಸೆಲೆಕ್ಷನ್ ಕೂಡ ಹೀಗೇ. ನೋಟಿಸ್ ಬೋರ್ಡಿಗೆ ಹಾಕಿದ ಕ್ರಿಕೆಟ್ ಪಟ್ಟಿಯಲ್ಲಿ ಒಂದು ಹೆಸರಿನ ಮೇಲೆ ವೈಟ್ನರ್ ಬಳಿದು ಬೇರೆ ಹೆಸರು ಬರೆದದ್ದನ್ನು ಕಾಲೇಜಿನ ಮಕ್ಕಳೆಲ್ಲ ನೋಡಿದ್ದಾರೆ. ಕೆಳಗಿನ ಹೆಸರು ಬೆಳಕಿಗೆ ಹಿಡಿದರೆ ಕಾಣುತ್ತಿತ್ತು. ಆ ಹುಡುಗ ಟ್ರಯಲ್ಸ್‌ನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬೌಲ್ ಮಾಡಿದ್ದ. ಪಿ.ಡಿ. ಸರ್‌ಗೆ ಕೇಳಿದರೆ ತಲೆ ತಗ್ಗಿಸಿ, "ನಂದು ವರ್ಷ ವರ್ಷದ ಕಾಂಟ್ರ್ಯಾಕ್ಟ್ ಸರ್" ಅಂದರು. ಅವರ ಮೇಲೆ ನನಗೆ ಕೋಪ ಇಲ್ಲ. ಬೆಳಿಗ್ಗೆ ಐದೂವರೆಗೆ ಗ್ರೌಂಡಿನಲ್ಲಿರುತ್ತಾರೆ, ಸ್ವಂತ ದುಡ್ಡಿನಿಂದ ಮಕ್ಕಳಿಗೆ ಕ್ರೇಪ್ ಬ್ಯಾಂಡೇಜ್, ಸ್ಪ್ರೇ ತರುತ್ತಾರೆ. ಇಡೀ ವಿಭಾಗದಲ್ಲಿ ನಾನು ಪೂರ್ತಿ ಮಾರ್ಕ್ಸ್ ಕೊಡುವುದು ಅವರೊಬ್ಬರಿಗೇ. ಆದರೆ ನೌಕರಿ ಒಬ್ಬರ ಫೋನ್ ಕಾಲಿನ ಮೇಲೆ ನಿಂತಿದ್ದರೆ ಯಾವ ಮನುಷ್ಯ ನ್ಯಾಯವಾಗಿ ಟೀಮ್ ಮಾಡುತ್ತಾನೆ?

ಇದು ಬಳ್ಳಾರಿಯಲ್ಲಿ ಹುಟ್ಟಿದ ರೋಗ ಅಂತ ಅಂದುಕೊಳ್ಳಬೇಡಿ. ಅಮೆರಿಕದ ಕಾಲೇಜುಗಳಲ್ಲಿ ಇದು ಎಷ್ಟೋ ದೊಡ್ಡದಾಗಿ ನಡೆಯುತ್ತೆ. ಅಲ್ಲಿ ಕಾಲೇಜ್ ಆಟಕ್ಕೆ ದುಡ್ಡು ಕೊಡುವ ಹಳೆ ವಿದ್ಯಾರ್ಥಿಗಳು, ಸಾಹುಕಾರರನ್ನು ಬೂಸ್ಟರ್ ಅನ್ನುತ್ತಾರೆ. 2005ರ ಕೊನೆಗೆ ಟಿ. ಬೂನ್ ಪಿಕೆನ್ಸ್ ಅನ್ನುವ ತೈಲ ವ್ಯಾಪಾರಿ ತಾನು ಓದಿದ ಓಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗಕ್ಕೆ 16.5 ಕೋಟಿ ಡಾಲರ್ ಕೊಟ್ಟರು. ಒಂದು ಕಾಲೇಜಿನ ಕ್ರೀಡೆಗೆ ಅಷ್ಟು ದೊಡ್ಡ ಮೊತ್ತ ಆವರೆಗೆ ಯಾರೂ ಕೊಟ್ಟಿರಲಿಲ್ಲ. ಆ ದುಡ್ಡನ್ನು ಹೂಡಿಕೆ ಮಾಡಿದ್ದು ಅವರೇ ನಡೆಸುತ್ತಿದ್ದ ಫಂಡಿನಲ್ಲಿ. 2008ರಲ್ಲಿ ಮಾರುಕಟ್ಟೆ ಬಿದ್ದಾಗ ಅದಕ್ಕೂ ಏಟು ಬಿತ್ತು. ಕೊಟ್ಟಿದ್ದೂ ಅವರ ಕೈ, ಇಟ್ಟುಕೊಂಡಿದ್ದೂ ಅವರ ಕೈ.

ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ 2011ರಲ್ಲಿ ಆದದ್ದು ಇನ್ನೂ ಸ್ಪಷ್ಟ. ರಾಬರ್ಟ್ ಬರ್ಟನ್ ಅನ್ನುವ ದಾನಿ, ಅಲ್ಲಿನ ಫುಟ್‌ಬಾಲ್ ಕಟ್ಟಡಕ್ಕೆ ಅವರ ಮನೆತನದ ಹೆಸರು. ಹೊಸ ಕೋಚ್ ನೇಮಿಸುವಾಗ ತನ್ನ ಮಾತಿಗೆ ಬೆಲೆ ಕೊಡಲಿಲ್ಲ ಅಂತ ಸಿಟ್ಟಾಗಿ, 30 ಲಕ್ಷ ಡಾಲರ್ ವಾಪಸ್ ಕೊಡಿ, ಕಟ್ಟಡದ ಮೇಲಿನ ಹೆಸರು ತೆಗೆಯಿರಿ ಅಂತ ಪತ್ರ ಬರೆದರು. ಆಮೇಲೆ ರಾಜಿಯಾಯಿತು. ಆದರೆ ಆ ಪತ್ರ ಹೊರಗೆ ಬಂದಿದ್ದರಿಂದ ಎಲ್ಲರಿಗೂ ಒಂದು ವಿಷಯ ಗೊತ್ತಾಯಿತು. ದಾನ ಅಂತ ಕೊಟ್ಟ ದುಡ್ಡಿಗೆ ಬದಲಾಗಿ ಏನನ್ನು ನಿರೀಕ್ಷೆ ಮಾಡುತ್ತಾರೆ ಅಂತ.

ಆಟದ ಶೂ, ಬಟ್ಟೆ ಮಾಡಿಸಿ ಮಾರುವ ನೈಕಿ ಕಂಪನಿಯ ಫಿಲ್ ನೈಟ್ ಅವರದು ಇನ್ನೊಂದು. ಅವರು ಆರಿಗನ್ ವಿಶ್ವವಿದ್ಯಾಲಯದ ಹಳೆ ವಿದ್ಯಾರ್ಥಿ, ಅಲ್ಲೇ ಓಟಗಾರರಾಗಿದ್ದವರು. 2000ನೇ ಇಸವಿಯಲ್ಲಿ ಆ ವಿಶ್ವವಿದ್ಯಾಲಯ ಬಟ್ಟೆ ಹೊಲಿಯುವ ಕಾರ್ಖಾನೆಗಳ ಕೂಲಿಕಾರರ ಹಕ್ಕು ನೋಡಿಕೊಳ್ಳುವ ಒಂದು ಸಂಘಟನೆಗೆ ಸೇರಿತು, ವಿದ್ಯಾರ್ಥಿಗಳು ಹೋರಾಟ ಮಾಡಿ ಸೇರಿಸಿದ್ದು. ನೈಟ್ ಅವರಿಗೆ ಅದು ಹಿಡಿಸಲಿಲ್ಲ. ಸ್ಟೇಡಿಯಂ ದೊಡ್ಡದು ಮಾಡೋಕೆ ಕೊಡಬೇಕಿದ್ದ 3 ಕೋಟಿ ಡಾಲರ್ ನಿಲ್ಲಿಸಿಬಿಟ್ಟರು. ವಿಶ್ವವಿದ್ಯಾಲಯ ಆ ಸಂಘಟನೆಯಿಂದ ಹೊರಗೆ ಬಂತು, ದುಡ್ಡು ಮತ್ತೆ ಹರಿಯಿತು. ಮನೆ ಮನೆಯಲ್ಲಿ ಮಷೀನ್ ಇಟ್ಟುಕೊಂಡು ಜೀನ್ಸ್ ಹೊಲಿಯುವ ಊರಿನವರು ನಾವು, ಈ ಕಥೆಯಲ್ಲಿ ಯಾರಿಗೆ ಏನಾಯಿತು ಅಂತ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಗಂತ ಅದೇ ನೈಟ್ ದಂಪತಿಯ ದುಡ್ಡಿನಿಂದಲೇ ಮುಖ್ಯವಾಗಿ ಹೊಸದಾಗಿ ಕಟ್ಟಿದ ಹೇವರ್ಡ್ ಫೀಲ್ಡ್‌ನಲ್ಲಿ 2022ರ ವಿಶ್ವ ಅಥ್ಲೆಟಿಕ್ಸ್ ನಡೆಯಿತು. ನಮ್ಮ ನೀರಜ್ ಚೋಪ್ರಾ 88.13 ಮೀಟರ್ ಎಸೆದು ಬೆಳ್ಳಿ ಗೆದ್ದದ್ದು ಅಲ್ಲೇ. ಎರಡೂ ನಿಜ, ಒಂದಕ್ಕಾಗಿ ಇನ್ನೊಂದನ್ನು ಮರೆಯೋಕಾಗಲ್ಲ.

ಅಮೆರಿಕದಿಂದ ನಾವು ಕಲಿಯಬೇಕಾದದ್ದು ಬೇರೆ ಇದೆ. 1972ರಲ್ಲಿ ಅಲ್ಲಿ ಟೈಟಲ್ ನೈನ್ ಅನ್ನುವ ಕಾನೂನು ಬಂತು. ಸರ್ಕಾರದ ದುಡ್ಡು ಪಡೆಯುವ ಕಾಲೇಜು ಗಂಡು-ಹೆಣ್ಣು ಅಂತ ಭೇದ ಮಾಡುವ ಹಾಗಿಲ್ಲ, ಆಟದಲ್ಲೂ. ದಾನಿ ಕೊಟ್ಟಿದ್ದು ಹುಡುಗರ ಟೀಮಿಗೆ ಮಾತ್ರ, ನಾವೇನು ಮಾಡೋಕಾಗುತ್ತೆ ಅಂತ ಕಾಲೇಜು ಕೈ ತೊಳೆದುಕೊಳ್ಳೋಕಾಗಲ್ಲ. ಹುಡುಗಿಯರಿಗೂ ಅದಕ್ಕೆ ಸಮನಾದ ಸೌಲಭ್ಯ ಬೇರೆ ದುಡ್ಡಿನಿಂದಾದರೂ ಒದಗಿಸಬೇಕು. ಆ ಸ್ಟೋರ್ ರೂಮಿನ ಬಾಗಿಲು ನೋಡಿದಾಗಲೆಲ್ಲ ನನಗೆ ಈ ಕಾನೂನು ನೆನಪಾಗುತ್ತೆ. ಇನ್ನೊಂದು, ಅಲ್ಲಿ ದಾನಿಗಳ ದುಡ್ಡು ಕಟ್ಟಡಕ್ಕೆ, ಕೋಚ್ ಸಂಬಳಕ್ಕೆ ಹೋಗಿ ಆಡುವವರಿಗೆ ಸ್ಕಾಲರ್‌ಶಿಪ್ ಬಿಟ್ಟು ಏನೂ ಸಿಗುತ್ತಿರಲಿಲ್ಲ. ಆಟಗಾರರು ಕೋರ್ಟಿಗೆ ಹೋದರು. 2021ರಿಂದ ತಮ್ಮ ಹೆಸರು, ಮುಖ ಬಳಸಿಕೊಳ್ಳುವವರಿಂದ ದುಡ್ಡು ಪಡೆಯುವ ಅವಕಾಶ ಬಂತು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ರಾಜಿಯ ಪ್ರಕಾರ, ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಕೊಡಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಮಿತಿ ಸುಮಾರು 2.05 ಕೋಟಿ ಡಾಲರ್. ಇದರಲ್ಲೂ ದಾನಿಗಳು ಗುಂಪು ಕಟ್ಟಿಕೊಂಡು ಆಟಗಾರರನ್ನು ತಮ್ಮ ಕಾಲೇಜಿಗೆ ಎಳೆದುಕೊಳ್ಳುವ ಹೊಸ ತಲೆನೋವು ಶುರುವಾಗಿದೆ, ಅದು ಬೇರೆ ಮಾತು. ಆದರೆ ಆಡುವವರು ಬಾಯಿ ಬಿಟ್ಟಿದ್ದರಿಂದಲೇ ದುಡ್ಡು ಅವರ ಕೈಗೂ ಬಂತು.

ಸಾಹುಕಾರರ ದುಡ್ಡೇ ಬೇಡ ಅನ್ನುವವನು ನಾನಲ್ಲ. ನಮ್ಮ ಜಿಲ್ಲೆಯ ತೋರಣಗಲ್ಲಿನ ಹತ್ತಿರ ವಿಜಯನಗರದಲ್ಲಿ ಜೆಎಸ್‌ಡಬ್ಲ್ಯೂನವರು 2018ರಲ್ಲಿ ಶುರು ಮಾಡಿದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಕುಸ್ತಿ, ಬಾಕ್ಸಿಂಗ್, ಜೂಡೋ, ಅಥ್ಲೆಟಿಕ್ಸ್ ಕಲಿಸುತ್ತಾರೆ. ನೀರಜ್ ಚೋಪ್ರಾ 2019ರಲ್ಲಿ ಮೊಣಕೈ ಆಪರೇಷನ್ ಆದ ಮೇಲೆ ಚೇತರಿಸಿಕೊಂಡದ್ದು ಅಲ್ಲಿ. ಅದು ಕಾಲೇಜಲ್ಲ, ಖರ್ಚಿನ ಮಟ್ಟವೂ ಬೇರೆ, ಹೋಲಿಸೋಕೆ ಬರೋದಿಲ್ಲ ಅಂತ ಗೊತ್ತು. ಆದರೂ ಒಂದು ಮಾತು. ಅಲ್ಲಿ ದುಡ್ಡು ಕೋಚ್‌ಗೆ, ಫಿಸಿಯೋಗೆ, ಊಟಕ್ಕೆ, ಹಾಸ್ಟೆಲ್‌ಗೆ ಹೋಗುತ್ತೆ. ನಮ್ಮ ಕಾಲೇಜಿಗೆ ಬಂದ ದುಡ್ಡಿನಲ್ಲಿ ಹತ್ತರಲ್ಲಿ ಒಂದು ಪಾಲು ಹಾಗೆ ಹೋಗಿದ್ದರೂ ಇವತ್ತು ನಾನು ಬರೆಯುತ್ತಿದ್ದ ರಿವ್ಯೂ ಬೇರೆ ಥರ ಇರುತ್ತಿತ್ತು.

ಪೋಷಕರಿಗೆ ಇನ್ನೊಂದು ವಿಷಯ ಗೊತ್ತಿರಲಿ. ದಾನ ದಾನ ಅಂತ ಕೈ ಮುಗಿಯುವ ದುಡ್ಡಿನಲ್ಲಿ ಸುಮಾರು ಸಲ ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ದುಡ್ಡು ಇರುತ್ತೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ, ಇಲ್ಲವೇ 1000 ಕೋಟಿ ವಹಿವಾಟು, ಇಲ್ಲವೇ 500 ಕೋಟಿ ನಿವ್ವಳ ಆಸ್ತಿ ಇರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಯಾವ ಕೆಲಸಕ್ಕೆ ಅನ್ನುವ ಪಟ್ಟಿಯೂ ಕಾಯ್ದೆಯಲ್ಲೇ ಇದೆ. ಗ್ರಾಮೀಣ ಕ್ರೀಡೆ, ಒಲಿಂಪಿಕ್, ಪ್ಯಾರಾಲಿಂಪಿಕ್ ಕ್ರೀಡೆಗಳ ತರಬೇತಿ ಅದರಲ್ಲಿ ಸೇರಿದೆ. ಅಂದರೆ ಖೋ ಖೋ ಕೋಚ್ ಸಂಬಳ ಕೊಡೋಕೆ, ಮಕ್ಕಳ ಕ್ಯಾಂಪ್ ನಡೆಸೋಕೆ ಕಾನೂನಿನಲ್ಲಿ ದಾರಿ ಇದೆ. ಕೊಡುವವರಿಗೆ ಇದನ್ನು ತಿಳಿಸಿ ಹೇಳುವ ಕೆಲಸ ಮ್ಯಾನೇಜ್‌ಮೆಂಟಿನದು. ಕೇಳಿದರೆ ಧಣಿಗಳು ಬೇಡ ಅನ್ನುತ್ತಿದ್ದರು ಅಂತ ನನಗೆ ಅನ್ನಿಸಲ್ಲ. ಅವರನ್ನು ಗ್ರೌಂಡಿಗೆ ಕರೆದುಕೊಂಡು ಬಂದು ಆ ಕಂಬ ಅಲ್ಲಾಡಿಸಿ ತೋರಿಸಿದವರೇ ಇಲ್ಲ. ಬಂದಾಗಲೆಲ್ಲ ಕೆಂಪು ಕಾರ್ಪೆಟ್ ಮೇಲೆ ಪೆವಿಲಿಯನ್‌ವರೆಗೆ ನಡೆಸಿ, ಕಾಫಿ ಕುಡಿಸಿ, ವಾಪಸ್ ಕಳಿಸುತ್ತಾರೆ.

ಹೋದ ತಿಂಗಳು ನಾವು ಕೆಲವು ಪೋಷಕರು ಸೇರಿ ಪ್ರಿನ್ಸಿಪಾಲರ ಹತ್ತಿರ ಹೋಗಿ ಬಂದೆವು. ಬಂದ ದುಡ್ಡೆಲ್ಲ ಒಂದು ಕ್ರೀಡಾ ನಿಧಿಗೆ ಬೀಳಲಿ, ಅದರ ಸಮಿತಿಯಲ್ಲಿ ಪಿ.ಡಿ. ಸರ್, ಇಬ್ಬರು ಆಟಗಾರರು ಇರಲಿ, ಅದರಲ್ಲಿ ಒಬ್ಬಳು ಹುಡುಗಿ ಇರಲೇಬೇಕು, ಖರ್ಚಿನ ಲೆಕ್ಕ ನೋಟಿಸ್ ಬೋರ್ಡಿಗೆ ಹಾಕಿ, ಟ್ರಯಲ್ಸ್‌ನ ಸ್ಕೋರ್ ಶೀಟನ್ನೂ ಹಾಕಿ ಅಂತ ಬರೆದು ಕೊಟ್ಟಿದ್ದೇವೆ. ಪ್ರಿನ್ಸಿಪಾಲರು ಒಳ್ಳೆಯವರು, ಪೂರ್ತಿ ಓದಿದರು, ಮ್ಯಾನೇಜ್‌ಮೆಂಟ್ ಮೀಟಿಂಗ್‌ನಲ್ಲಿ ಇಡುತ್ತೇನೆ ಅಂದಿದ್ದಾರೆ. ಇನ್ನೂ ಉತ್ತರ ಬಂದಿಲ್ಲ. ಚಿಲಕವನ್ನು ಮಾತ್ರ ಮರುದಿನವೇ ಹಾಕಿಸಿದರು.

ಇನ್ನು ಸೇರಿಸಬೇಕಾ ಬೇಡವಾ ಅನ್ನುವ ಪ್ರಶ್ನೆ. ಹುಡುಗ ಕ್ರಿಕೆಟ್ ಆಡುತ್ತಾನೆ, ದುಡ್ಡಿಗೆ ತೊಂದರೆ ಇಲ್ಲ ಅಂದರೆ ಸೇರಿಸಿ, ನೆಟ್ಸ್ ಚೆನ್ನಾಗಿದೆ. ಖೋ ಖೋ, ಕಬಡ್ಡಿ, ಓಟ ಅಂದರೆ ಪಿ.ಡಿ. ಸರ್ ಇರುವವರೆಗೆ ಸೇರಿಸಬಹುದು, ಆದರೆ ಅವರ ಕಾಂಟ್ರ್ಯಾಕ್ಟ್ ಈ ವರ್ಷ ಮುಂದುವರಿದಿದೆಯಾ ಅಂತ ಆಫೀಸಿನಲ್ಲಿ ಕೇಳಿ ಆಮೇಲೆ ಫೀಸ್ ಕಟ್ಟಿ. ಹುಡುಗಿಯರ ತಂದೆ-ತಾಯಿ ಪೆವಿಲಿಯನ್ ನೋಡಿ ಮರುಳಾಗದೆ ಗ್ರೌಂಡಿನ ಆ ತುದಿಯವರೆಗೆ ನಡೆದು ಹೋಗಿ. ಸಂಜೆ ನಾಲ್ಕೂವರೆ ಮೇಲೆ ಹೋದರೆ ಪ್ರಾಕ್ಟೀಸ್ ನಡೆಯುತ್ತಿರುತ್ತೆ, ಮಕ್ಕಳ ಹತ್ತಿರವೇ ಮಾತಾಡಿ, ಅವರು ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ. ಜಿಮ್, ಶಟಲ್ ಪಾಸ್ ಬೇಕಾದ ಹೊರಗಿನವರು ಗೇಟ್ ಪಕ್ಕದ ಕೌಂಟರಿನಲ್ಲಿ ಆಧಾರ್ ಜೆರಾಕ್ಸ್, ಒಂದು ಫೋಟೋ ಕೊಟ್ಟರೆ ಅವತ್ತೇ ಮಾಡಿಕೊಡುತ್ತಾರೆ.